ಮನೆಯೊಡನೆ ಹೊರಟವರಿಗೆ ದಾರಿ ತೋರುವುದು ಯಾವುದು?

ಅಡುಗೆಯ ಒಲೆ, ಮಲಗುವ ಮಂಚ, ನೀರಿನ ತೊಟ್ಟಿ, ಶೌಚಾಲಯ ಇವೆಲ್ಲವನ್ನೂ ಒಂದೇ ವಾಹನದೊಳಗೆ ಅಡಕಮಾಡಿ ಊರೂರು ಸುತ್ತುವ ಬಂಡಿಗೆ ಮೋಟಾರ್‌ಹೋಮ್ ಎಂದು ಹೆಸರು. ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್, ಅಮೆರಿಕ, ನ್ಯೂಜಿಲೆಂಡ್ ದೇಶಗಳಲ್ಲಿ ರಜೆ ಬಂತೆಂದರೆ ಇಂತಹ ವಾಹನವನ್ನು ಬಾಡಿಗೆಗೆ ಹಿಡಿದು ಸಂಸಾರ ಸಮೇತ ಹೊರಡುವುದು ವಾಡಿಕೆ. ನಮ್ಮ ಜಿಲ್ಲೆಯಲ್ಲಿ ಹೊರದೇಶದಲ್ಲಿ ಒಬ್ಬನಾದರೂ ಮಗನೋ ಮಗಳೋ ಇಲ್ಲದ ಮನೆಗಳು ಕಡಿಮೆಯಾಗುತ್ತಿವೆ. ಊರಿನಿಂದ ಬಂದ ತಂದೆತಾಯಿಗಳಿಗೆ ದೇಶ ತೋರಿಸಲು ಮಕ್ಕಳು ಈ ಬಂಡಿಯನ್ನು ಗೊತ್ತುಮಾಡುವುದೂ ಉಂಟು. ಕೇರಳ ಸರಕಾರವು 2021ರಲ್ಲಿ 'ಕೆರವಾನ್ ಕೇರಳ' ಎಂಬ ಯೋಜನೆಯನ್ನು ಪ್ರಕಟಿಸಿದ ಮೇಲೆ ಈ ಬಗೆಯ ಪ್ರವಾಸದ ಮಾತು ನಮ್ಮಲ್ಲಿಯೂ ಕೇಳಿಬರತೊಡಗಿದೆ.

ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ದಾರಿ ತೋರಿಸಲು ಕೈಯಲ್ಲಿ ಮೊಬೈಲ್ ಇದೆಯಲ್ಲ, ಅದು ಸಾಲದೆ? ಕಾರಿಗೆ ಬಹುಮಟ್ಟಿಗೆ ಸಾಕು. ಮೋಟಾರ್‌ಹೋಮಿಗೆ ಸಾಲದು. ಏಕೆಂದು ತಿಳಿಯಬೇಕಾದರೆ ಮೊಬೈಲ್ ದಾರಿ ತೋರಿಸುವ ಬಗೆಯನ್ನು ಮೊದಲು ತಿಳಿಯಬೇಕು.

ಉಪಗ್ರಹ ಹೇಳುವುದೆಷ್ಟು?

ಜಿ.ಪಿ.ಎಸ್. ಎಂಬುದು ಅಮೆರಿಕದ ರಕ್ಷಣಾ ಇಲಾಖೆ 1973ರಲ್ಲಿ ಆರಂಭಿಸಿದ ಯೋಜನೆ. ಮೊದಲ ಉಪಗ್ರಹ ಮೇಲೇರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಈ ಉಪಗ್ರಹಗಳು ನಿರಂತರವಾಗಿ ಸಮಯದ ಸಂಕೇತವನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ನಮ್ಮ ಉಪಕರಣವು ತಾನಿರುವ ಸ್ಥಳವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಲಾಯಿತು. ರಷ್ಯದ ಗ್ಲೋನಾಸ್, ಐರೋಪ್ಯ ಒಕ್ಕೂಟದ ಗೆಲಿಲಿಯೊ, ಚೀನದ ಬೈದೌ, ನಮ್ಮ ದೇಶದ ನಾವಿಕ್ ಇವೂ ಇದೇ ಕೆಲಸಕ್ಕಾಗಿ ಇರುವ ವ್ಯವಸ್ಥೆಗಳು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಉಪಗ್ರಹ ತಿಳಿಸುವುದು ನಾವು ಎಲ್ಲಿದ್ದೇವೆ ಎಂಬುದನ್ನು ಮಾತ್ರ. ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದು ನಕ್ಷೆ. ಆ ನಕ್ಷೆಯನ್ನು ಮನುಷ್ಯರು ಮಾಡಿದ್ದಾರೆ. ಅದರಲ್ಲಿ ಬರೆದಿರುವುದಷ್ಟೇ ಯಂತ್ರಕ್ಕೆ ಗೊತ್ತು. 2024ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಪಳ್ಳಂಜಿಯಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಬೆಳಗಿನ ಜಾವ ಮೊಬೈಲ್ ನಕ್ಷೆಯನ್ನು ನೆಚ್ಚಿ ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಇಬ್ಬರು ಯುವಕರ ಕಾರು, ಕೈಗೋಡೆಯಿಲ್ಲದ ಸೇತುವೆಯ ಮೇಲೆ ತುಂಬಿ ಹರಿಯುತ್ತಿದ್ದ ಹೊಳೆಗೆ ಸಿಲುಕಿ ಕೊಚ್ಚಿಹೋಯಿತು. ಮರವೊಂದು ತಡೆದುದರಿಂದ ಅವರು ಬದುಕಿದರು. ಅಗ್ನಿಶಾಮಕ ದಳದವರು ಹಗ್ಗ ಕಟ್ಟಿ ಅವರನ್ನು ದಡ ಸೇರಿಸಿದರು. ನಕ್ಷೆಯಲ್ಲಿ ದಾರಿ ಇದ್ದುದು ನಿಜ. ಆ ದಿನ ಹೊಳೆಯಲ್ಲಿ ನೀರೆಷ್ಟಿದೆ ಎಂಬುದು ಅದರಲ್ಲಿರಲಿಲ್ಲ. ಸಣ್ಣ ಕಾರಿನ ಪಾಡೇ ಹೀಗಾದರೆ ಮೂರೂವರೆ ಟನ್ ತೂಕದ ಮನೆಯನ್ನು ಹೊತ್ತ ಬಂಡಿಯ ಪಾಡೇನು?

ಎತ್ತರವೇ ಮೊದಲ ಶತ್ರು

ಸಾಮಾನ್ಯ ಮೊಬೈಲ್ ನಕ್ಷೆಗಳು ನಮ್ಮ ವಾಹನವನ್ನು ಕಾರು ಎಂದೇ ಭಾವಿಸುತ್ತವೆ. ಕಾರಿನ ಎತ್ತರ ಸುಮಾರು ಒಂದೂವರೆ ಮೀಟರ್. ಯುರೋಪಿನ ಮೋಟಾರ್‌ಹೋಮ್ ಮೂರು ಮೀಟರಿನ ಆಸುಪಾಸು ಇರುತ್ತದೆ. ಅಮೆರಿಕದ ಬಸ್ಸಿನಂತಹ ದೊಡ್ಡ ಬಂಡಿಗಳು ಹನ್ನೆರಡು ಹದಿಮೂರು ಅಡಿ ಎತ್ತರವಿರುತ್ತವೆ. ಬ್ರಿಟನ್ನಿನಲ್ಲಿ ಹಳೆಯ ರೈಲ್ವೆ ಸೇತುವೆಗಳು ರಸ್ತೆಯ ಮೇಲೆ ತಗ್ಗಾಗಿ ಹಾದುಹೋಗುತ್ತವೆ. ಎತ್ತರದ ವಾಹನಗಳು ಅವುಗಳಿಗೆ ಬಡಿಯುವ ಪ್ರಸಂಗಗಳು ಪ್ರತಿವರ್ಷವೂ ಸಾವಿರಕ್ಕಿಂತ ಹೆಚ್ಚು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿ 11 ಅಡಿ 8 ಅಂಗುಲ ಎತ್ತರದ ರೈಲ್ವೆ ಸೇತುವೆಯೊಂದು ಲಾರಿ, ಮೋಟಾರ್‌ಹೋಮ್‌ಗಳ ಮಾಡು ಸುಲಿಯುವುದಕ್ಕೇ ಹೆಸರಾಯಿತು. ಎಚ್ಚರಿಕೆಯ ಫಲಕಗಳೂ ಮಿನುಗುವ ದೀಪಗಳೂ ಇದ್ದು ಪ್ರಯೋಜನವಾಗಲಿಲ್ಲ. ಕೊನೆಗೆ 2019ರಲ್ಲಿ ಅದನ್ನು ಎಂಟು ಅಂಗುಲ ಎತ್ತರಿಸಿದರು. ಆ ಬಳಿಕವೂ ವಾಹನಗಳು ಬಡಿದಿವೆ.

ಇನ್ನೊಂದು ವಿಚಾರ. ವಾಹನವನ್ನು ಬಾಡಿಗೆಗೆ ಕೊಡುವ ಹಲವು ಸಂಸ್ಥೆಗಳ ವಿಮೆಯಲ್ಲಿ ಮಾಡಿಗೆ ಆದ ಹಾನಿ ಸೇರಿರುವುದಿಲ್ಲ. ಸೇತುವೆಗೆ ಬಡಿದರೆ ರಿಪೇರಿಯ ಪೂರ್ತಿ ಖರ್ಚು ಬಾಡಿಗೆಗೆ ಪಡೆದವನ ತಲೆಯ ಮೇಲೆ. ಆದುದರಿಂದ ಸಹಿ ಹಾಕುವ ಮೊದಲು ಈ ಷರತ್ತನ್ನು ಓದಿಕೊಳ್ಳುವುದು ಒಳ್ಳೆಯದು.

ಎತ್ತರದ ಜತೆಗೆ ಅಗಲ, ಉದ್ದ, ತೂಕ ಇವೂ ಇವೆ. ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್ ಪ್ರಾಂತಗಳ ಹಳ್ಳಿರಸ್ತೆಗಳ ಎರಡೂ ಬದಿಯಲ್ಲಿ ಎತ್ತರದ ಬೇಲಿಗಳಿರುತ್ತವೆ; ಎದುರಿನಿಂದ ವಾಹನ ಬಂದರೆ ದೂರದವರೆಗೆ ಹಿಂದಕ್ಕೆ ಸರಿಯಬೇಕಾಗುತ್ತದೆ. ಸ್ಕಾಟ್ಲೆಂಡಿನ ಬೆಲಾಖ್ ನಾ ಬಾ ಎಂಬ ಘಾಟಿ 626 ಮೀಟರ್ ಎತ್ತರಕ್ಕೆ ಏರುತ್ತದೆ. ನಮ್ಮ ತಾಮರಶ್ಶೇರಿ ಚುರದಂತೆ ಅಲ್ಲಿಯೂ ಕಡಿದಾದ ತಿರುವುಗಳಿವೆ. ದೊಡ್ಡ ವಾಹನಗಳೂ ಕಾರವಾನುಗಳೂ ಈ ದಾರಿ ಹಿಡಿಯಬಾರದೆಂದು ಬುಡದಲ್ಲಿಯೇ ಫಲಕ ಹಾಕಿದ್ದಾರೆ. ಆದರೆ ಕಾರಿನ ಲೆಕ್ಕದಲ್ಲಿ ನೋಡುವ ನಕ್ಷೆಗೆ ಅದು ಹತ್ತಿರದ ದಾರಿ ಅಷ್ಟೇ.

ಯಾವುದನ್ನು ಆರಿಸಬೇಕು?

ಮಾರುಕಟ್ಟೆಯಲ್ಲಿರುವ ಸಾಧನಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಗೂಗಲ್ ಮ್ಯಾಪ್ಸ್‌ನಂತಹ ಸಾಮಾನ್ಯ ಆ್ಯಪ್. ಬೆಲೆಯಿಲ್ಲ, ರಸ್ತೆಯ ದಟ್ಟಣೆಯನ್ನು ತಿಳಿಸುವುದರಲ್ಲಿ ಚುರುಕು, ಕನ್ನಡದಲ್ಲಿಯೂ ಹೆಸರುಗಳನ್ನು ತೋರಿಸುತ್ತದೆ. ಆದರೆ ವಾಹನದ ಎತ್ತರ ತೂಕಗಳನ್ನು ಅದಕ್ಕೆ ಹೇಳುವ ಅವಕಾಶವಿಲ್ಲ. ಎರಡು ಮೀಟರಿನೊಳಗಿನ ಸಣ್ಣ ವ್ಯಾನಾದರೆ ಇದೇ ಸಾಕು.

ಎರಡನೆಯದು ಈ ಕೆಲಸಕ್ಕೆಂದೇ ಮಾಡಿದ ಉಪಕರಣ. ಗಾರ್ಮಿನ್ ಮತ್ತು ಟಾಮ್‌ಟಾಮ್ ಸಂಸ್ಥೆಗಳು 'ಕ್ಯಾಂಪರ್' ಎಂಬ ಹೆಸರಿನಲ್ಲಿ ಇವನ್ನು ತಯಾರಿಸಿವೆ. ವಾಹನದ ಎತ್ತರ, ಅಗಲ, ಉದ್ದ, ತೂಕಗಳನ್ನು ಒಮ್ಮೆ ತುಂಬಿಸಿದರೆ ತಗ್ಗು ಸೇತುವೆ, ತೂಕದ ಮಿತಿಯ ರಸ್ತೆಗಳನ್ನು ಬಿಟ್ಟು ದಾರಿ ಹುಡುಕುತ್ತವೆ. ಪರದೆ ದೊಡ್ಡದು; ನಕ್ಷೆ ಒಳಗೇ ಇರುವುದರಿಂದ ಇಂಟರ್‌ನೆಟ್ ಬೇಕಿಲ್ಲ. ಬೆಲೆ ಮಾತ್ರ ಹೆಚ್ಚು. ಸ್ವಂತ ವಾಹನವಿದ್ದು ವರ್ಷವರ್ಷವೂ ಸಂಚರಿಸುವವರಿಗೆ ಇದು ತಕ್ಕುದು.

ಮೂರನೆಯದು ವಾಹನದ ಅಳತೆಯನ್ನು ಸ್ವೀಕರಿಸುವ ಮೊಬೈಲ್ ಆ್ಯಪ್. ಸಿಜಿಕ್, ಕೋಪೈಲಟ್ ಮುಂತಾದವು ದೊಡ್ಡ ವಾಹನಗಳಿಗೆಂದೇ ಆ್ಯಪ್‌ಗಳನ್ನು ಒದಗಿಸುತ್ತವೆ; ಇವಕ್ಕೆ ಚಂದಾ ಇದೆ. ಓಎಸ್‌ಎಮ್‌ಆಂಡ್ ಎಂಬ ಆ್ಯಪ್‌ನಲ್ಲಿಯೂ ಎತ್ತರ ತೂಕಗಳನ್ನು ನಮೂದಿಸಬಹುದು. ಒಂದೆರಡು ವಾರದ ಬಾಡಿಗೆ ಪ್ರವಾಸಕ್ಕೆ ಈ ವರ್ಗವೇ ಮಿತವ್ಯಯದ ದಾರಿ. ಒಂದು ಎಚ್ಚರಿಕೆ: ಬರೀ ಲಾರಿಗೆಂದು ಮಾಡಿದ ಆ್ಯಪ್ ಮೋಟಾರ್‌ಹೋಮಿಗೆ ಒಗ್ಗದು. ಸರಕಿನ ವಾಹನಕ್ಕೆ ನಿಷೇಧವಿರುವ ಹಲವು ರಸ್ತೆಗಳಲ್ಲಿ ಮೋಟಾರ್‌ಹೋಮಿಗೆ ಅನುಮತಿಯಿರುತ್ತದೆ; ಲಾರಿಯ ಲೆಕ್ಕದಲ್ಲಿ ಹೊರಟರೆ ಸುತ್ತುಬಳಸಿ ಹೋಗಬೇಕಾಗುತ್ತದೆ.

ಓಎಸ್‌ಎಮ್‌ಆಂಡ್ ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು. ಇದು 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಇದನ್ನು ಯಾರು ಬೇಕಾದರೂ ತಿದ್ದಬಹುದು, ಸೇತುವೆಯ ಎತ್ತರವನ್ನೂ ಊರಿನ ಹೆಸರನ್ನು ಕನ್ನಡದಲ್ಲಿಯೂ ಸೇರಿಸಬಹುದು. ಇದೇ ಅದರ ಬಲ, ಇದೇ ಅದರ ಕೊರತೆ. ಸೇತುವೆಯ ಎತ್ತರವನ್ನು ಯಾರೂ ಬರೆದಿರದಿದ್ದರೆ ಯಂತ್ರವು ಅಲ್ಲಿ ಅಡ್ಡಿಯೇ ಇಲ್ಲವೆಂದು ತಿಳಿಯುತ್ತದೆ. ದುಬಾರಿ ಉಪಕರಣದ ನಕ್ಷೆಯಲ್ಲಿಯೂ ಇಂತಹ ಖಾಲಿ ಜಾಗಗಳು ಇರಬಲ್ಲವು. ಆದುದರಿಂದ ಯಂತ್ರದ ಮಾತಿಗೂ ರಸ್ತೆಬದಿಯ ಫಲಕಕ್ಕೂ ಭಿನ್ನವಾದರೆ ಫಲಕದ ಮಾತೇ ಪ್ರಮಾಣ.

ಕಾನೂನಿನ ಕಟ್ಟುಪಾಡು

ಅಡುಗೆ ಅನಿಲದ ಸಿಲಿಂಡರ್ ಇರುವ ವಾಹನಕ್ಕೆ ಎಲ್ಲ ಸುರಂಗಗಳೂ ತೆರೆದಿರುವುದಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಸುರಂಗಗಳಲ್ಲಿ ಅದಕ್ಕೆ ಮಿತಿಯಿದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಣ ಕಡಲಡಿಯ ಸುರಂಗದ ರೈಲಿನಲ್ಲಿ ಎಲ್.ಪಿ.ಜಿ.ಯಿಂದ ಓಡುವ ವಾಹನವನ್ನು ಒಯ್ಯುವುದಿಲ್ಲ. ಜರ್ಮನಿಯ ಹಲವು ನಗರಗಳೊಳಗೆ ಹೋಗಲು ಹೊಗೆಯ ಪ್ರಮಾಣ ಸೂಚಿಸುವ ಚೀಟಿ ಗಾಜಿಗೆ ಅಂಟಿಸಿರಬೇಕು. ಇಟಲಿಯ ಹಳೆಯ ಪೇಟೆಗಳ ನಡುಭಾಗಕ್ಕೆ ಹೊರಗಿನವರ ವಾಹನ ನುಗ್ಗಿದರೆ ಕ್ಯಾಮರ ನೋಡಿ ದಂಡ ಹಾಕುತ್ತದೆ. ವೇಗ ಹಿಡಿಯುವ ಕ್ಯಾಮರ ಎಲ್ಲಿದೆಯೆಂದು ಉಪಕರಣದ ಮೂಲಕ ತಿಳಿಯುವುದು ಫ್ರಾನ್ಸಿನಲ್ಲಿ ಅಪರಾಧ. ಆ ಸೌಲಭ್ಯವನ್ನು ಗಡಿ ದಾಟುವ ಮೊದಲೇ ಮುಚ್ಚಿಡಬೇಕು.

ಹೊರಡುವ ಮುನ್ನ

ಮೊದಲು ವಾಹನವನ್ನು ಅಳೆಯಿರಿ. ಮಾಡಿನ ಮೇಲಿನ ಹವಾನಿಯಂತ್ರಕ, ಪೆಟ್ಟಿಗೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ಹಿಂದೆ ಸೈಕಲ್ ಕಟ್ಟಿದ್ದರೆ ಉದ್ದಕ್ಕೆ ಸೇರಬೇಕು. ಬಂದ ಎತ್ತರಕ್ಕೆ ಹತ್ತು ಹದಿನೈದು ಸೆಂಟಿಮೀಟರ್ ಕೂಡಿಸಿ ಯಂತ್ರಕ್ಕೆ ತುಂಬಿಸಿರಿ. ಅದನ್ನು ಮೀಟರಿನಲ್ಲಿಯೂ ಅಡಿಯಲ್ಲಿಯೂ ಬರೆದು ಚಾಲಕನ ಕಣ್ಣೆದುರು ಅಂಟಿಸಿರಿ. ಇಲ್ಲಿ ಶಾಲೆಯ ಲೆಕ್ಕ ತಪ್ಪಬಾರದು: 3.2 ಮೀಟರ್ ಎಂದರೆ 10.5 ಅಡಿ. ಅದು 10 ಅಡಿ 5 ಅಂಗುಲವಲ್ಲ, 10 ಅಡಿ 6 ಅಂಗುಲ. ಒಂದು ಅಂಗುಲ ಸಣ್ಣದೆನ್ನಬಾರದು. ಸೇತುವೆಯ ಕೆಳಗೆ ಅದೇ ದೊಡ್ಡದು.

ನಕ್ಷೆಯನ್ನು ಮನೆಯಲ್ಲಿರುವಾಗಲೇ ಇಳಿಸಿಕೊಳ್ಳಿರಿ. ಉಪಗ್ರಹದ ಸಂಕೇತಕ್ಕೆ ಇಂಟರ್‌ನೆಟ್ ಬೇಡವಾದರೂ, ನಕ್ಷೆ ಒಳಗಿಲ್ಲದಿದ್ದರೆ ಬೆಟ್ಟದ ನಡುವೆ ಪರದೆ ಬರಿದಾಗುತ್ತದೆ. ತಲಪಬೇಕಾದ ಜಾಗವನ್ನು ಹೆಸರಿನಿಂದ ಮಾತ್ರ ಹುಡುಕಬೇಡಿರಿ. ಕುಂಬಳೆಯನ್ನು ಕುಂಬ್ಲ ಎಂದೂ ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ಬರೆಯುವುದನ್ನು ಕಂಡ ನಮಗೆ ಹೆಸರಿನ ತೊಡಕು ಹೊಸತಲ್ಲ. ಬ್ರಿಟನ್ನಿನಲ್ಲಿ ನ್ಯೂಪೋರ್ಟ್ ಎಂಬ ಊರೇ ಹಲವಿವೆ. ಹಳ್ಳಿಯ ಪಿನ್‌ಕೋಡ್ ಕೂಡ ವಿಶಾಲ ಪ್ರದೇಶಕ್ಕೆ ಸೇರಿದ್ದು. ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡರೆ ಗೊಂದಲವಿಲ್ಲ. ಅಪಘಾತವಾದಾಗ ಯುರೋಪಿನಲ್ಲಿ 112ಕ್ಕೆ, ಅಮೆರಿಕದಲ್ಲಿ 911ಕ್ಕೆ ಕರೆಮಾಡಿ ಸ್ಥಳ ತಿಳಿಸಲೂ ಈ ಅಂಕಿಗಳು ನೆರವಾಗುತ್ತವೆ.

ಯಂತ್ರ ಹೇಳುವ ಸಮಯಕ್ಕೆ ಕಾಲುಭಾಗವಾದರೂ ಸೇರಿಸಿ ಲೆಕ್ಕ ಹಾಕಿ, ಕತ್ತಲಾಗುವ ಮೊದಲೇ ತಂಗುವ ಜಾಗ ಸೇರಬೇಕು. ಬಿಸಿಲಿಗೆ ಮೊಬೈಲ್ ಕಾದು ನಿಂತುಹೋಗುವುದುಂಟು. ಕಾಗದದ ನಕ್ಷೆಯೊಂದು ಜತೆಗಿರಲಿ. ಅದನ್ನು ಹಿಡಿದು ಪಕ್ಕದಲ್ಲಿ ಕುಳಿತವರು ಫಲಕಗಳನ್ನು ಓದಿ ಹೇಳಲಿ. ಊರಿನಿಂದ ಹೋದ ಅಪ್ಪನಿಗೋ ಅಮ್ಮನಿಗೋ ಇದು ಒಪ್ಪುವ ಕೆಲಸ. ಕಿಟಕಿಯ ಹೊರಗಿನ ದೇಶವೂ ಕಣ್ಣಿಗೆ ಬೀಳುತ್ತದೆ. ಚಾಲಕನ ಕೈ ಮಾತ್ರ ಸ್ಟೇರಿಂಗ್ ಬಿಡಬಾರದು. ಓಡಿಸುವಾಗ ಮೊಬೈಲ್ ಹಿಡಿಯುವುದಕ್ಕೆ ಬ್ರಿಟನ್ನಿನಲ್ಲಿ ಕಠಿಣ ಶಿಕ್ಷೆಯಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಮನೆಯನ್ನೇ ಹೊತ್ತು ಹೊರಟವರು ತಮ್ಮ ಮನೆಯ ಅಳತೆಯನ್ನು ತಾವು ತಿಳಿದಿದ್ದು, ಅದನ್ನು ಕೇಳಿಸಿಕೊಳ್ಳುವ ಯಂತ್ರವನ್ನೇ ಆರಿಸಿಕೊಳ್ಳಬೇಕು. ಮುಂದಿನ ದಾರಿ ಅನುಮಾನವೆನಿಸಿದಾಗ ಬಂಡಿ ನಿಲ್ಲಿಸಿ, ಇಳಿದು, ನಡೆದು ನೋಡಲು ನಾಚಬೇಕಾಗಿಲ್ಲ.