ನೈಲ್ ದಂಡೆಯಲ್ಲಿ ಭದ್ರಾ ನಾಲೆಯ ನೆನಪು

ಮಲೆಬೆನ್ನೂರಿನಲ್ಲಿ ಬೆಳಿಗ್ಗೆ ಪತ್ರಿಕೆ ಕೈಗೆ ಬಂದ ಕೂಡಲೇ ಹಲವರು ಮೊದಲು ಹುಡುಕುವುದು ಭದ್ರಾ ಜಲಾಶಯದ ಮಟ್ಟವನ್ನು. 186 ಅಡಿ ತುಂಬಿತೆಂದರೆ ಎರಡು ಬೆಳೆ ಭತ್ತದ ಆಸೆ. ತುಂಬದಿದ್ದರೆ ಅಕ್ಕಿ ಗಿರಣಿಯಿಂದ ಹಿಡಿದು ಚಹಾದಂಗಡಿಯವರೆಗೆ ಎಲ್ಲರ ಮುಖವೂ ಬಾಡುತ್ತದೆ. ಲಕ್ಕವಳ್ಳಿಯಿಂದ ಹರಿದುಬರುವ ಬಲದಂಡೆ ನಾಲೆಯ ಕೊನೆ ಭಾಗದವರು ನಾವು. 2023ರ ಮಳೆಗಾಲದಲ್ಲಿ ಜಲಾಶಯ ತುಂಬಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮ ಎರಡು ಎಕರೆ ಗದ್ದೆ ಬೀಳು ಬಿತ್ತು.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ನನ್ನಾಕೆಯೂ ಒಮ್ಮೆ ವಿದೇಶ ನೋಡಬೇಕೆಂದು ಹಣ ಕೂಡಿಟ್ಟಿದ್ದೆವು. ಬೆಂಗಳೂರಿನಿಂದ ಹೊರಡುವ ಒಂದು ತಂಡದಲ್ಲಿ ಈಜಿಪ್ಟಿಗೆ ಹೆಸರು ಬರೆಸಿದೆವು. ಮೂವತ್ತು ವರ್ಷ ಏಳನೇ ತರಗತಿ ಮಕ್ಕಳಿಗೆ ‘ನೈಲ್ ನದಿಯ ವರದಾನ’ ಎಂದು ಪಾಠ ಹೇಳಿದವನು ನಾನು. ಅದನ್ನು ಕಣ್ಣಾರೆ ನೋಡುವ ಆಸೆ. ನನ್ನಾಕೆಯದು ಬೇರೆ ಲೆಕ್ಕ. “ಮಳೀನೇ ಇಲ್ಲದ ಊರಾಗೆ ಹೊಲ ಹೆಂಗ ಮಾಡ್ತಾರೆ, ನೋಡೋಣ ನಡೀರಿ” ಎಂದಳು.

ಕೈರೋದಲ್ಲಿ ನಮಗೆ ಬೆರಗು ಹುಟ್ಟಿಸಿದ್ದು ಪಿರಮಿಡ್ಡುಗಳಷ್ಟೇ ಅಲ್ಲ. ಗೀಜಾದಲ್ಲಿ ಮನೆಗಳ ಸಾಲು ಮುಗಿದಲ್ಲೇ ಮರಳುಗಾಡು ಶುರು. ನಡುವೆ ಬೇಲಿಯಷ್ಟು ಅಂತರವೂ ಇಲ್ಲ. ಕರ್ನಾಟಕದ ಐದು ಪಟ್ಟು ವಿಸ್ತಾರದ ಈ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿದ್ದಾರೆ. ಅವರಲ್ಲಿ ನೂರಕ್ಕೆ ಸುಮಾರು 95 ಮಂದಿ ವಾಸಿಸುವುದು ನೂರಕ್ಕೆ ಐದರಷ್ಟು ನೆಲದಲ್ಲಿ, ಅಂದರೆ ನೈಲ್ ಕಣಿವೆ ಮತ್ತು ಅದರ ಮುಖಜ ಭೂಮಿಯಲ್ಲಿ. ಮಿಕ್ಕದ್ದೆಲ್ಲ ಕಲ್ಲು, ಮರಳು.

ಊಟದ ಚಿಂತೆ ಎರಡನೇ ದಿನಕ್ಕೇ ತೀರಿತು. ಅನ್ನ, ಬೇಳೆ, ಶಾವಿಗೆಗಳನ್ನು ಕಲಸಿ ಕೊಡುವ ‘ಕೊಶರಿ’ ಸಸ್ಯಾಹಾರಿಗಳ ಪಾಲಿನ ಅಮೃತ. ಸಾಮಾನು ಹೊತ್ತವರು ಕೇಳುವ ‘ಬಕ್ಷೀಸು’ ನಮ್ಮ ಪದವೇ.

ರಾತ್ರಿ ರೈಲಿನಲ್ಲಿ ಅಸ್ವಾನಿಗೆ ಹೊರಟೆವು. ಸುಮಾರು 880 ಕಿ.ಮೀ. ದಾರಿ. ಕೈರೋದಿಂದ ಸುಮಾರು 160 ಕಿ.ಮೀ. ದಕ್ಷಿಣಕ್ಕೆ, ಹಳಿಯಿಂದ ಪಶ್ಚಿಮದ ಕಡೆಗೆ, ಪುರಾತನ ಆಕ್ಸಿರಿಂಕಸ್ ಇತ್ತು. ಅಲ್ಲಿನ ಕಸದ ದಿಬ್ಬಗಳಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಎರಡನೇ ಶತಮಾನದ ಆ ಪಪೈರಸ್ ಹಾಳೆಯಲ್ಲಿ ಭಾರತದ ದಡದ ಪಾತ್ರಗಳು ಆಡುವ ಮಾತು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅವರೂ ಈ ಬಗ್ಗೆ ಬರೆದರು. ವಿದ್ವಾಂಸರೆಲ್ಲ ಇದನ್ನು ಒಪ್ಪಿಲ್ಲ. ಆದರೂ ಕಿಟಕಿಯಾಚೆಯ ಕತ್ತಲಲ್ಲಿ ನಾನು ಆ ಕಡೆಗೇ ನೋಡುತ್ತ ಕುಳಿತಿದ್ದೆ.

ಬೆಳಗಾದಾಗ ಕಿಟಕಿಯಲ್ಲಿ ಬೇರೆಯೇ ಲೋಕ. ಕಬ್ಬು, ಗೋಧಿ, ಖರ್ಜೂರದ ಮರ, ಹಸಿ ಮೇವು ಹೊತ್ತ ಕತ್ತೆ. ಹಸಿರು ಪಟ್ಟಿಯ ಹಿಂದೆಯೇ ಬೋಳು ಗುಡ್ಡ.

ಅಣೆಕಟ್ಟಿನ ಮೇಲೆ

ಅಸ್ವಾನ್ ಎತ್ತರದ ಅಣೆಕಟ್ಟನ್ನು ನೋಡಲು ನಮಗೆ ಕೊಟ್ಟ ಸಮಯ ಇಪ್ಪತ್ತೇ ನಿಮಿಷ. ತಂಡದ ಹೆಚ್ಚಿನವರು ಫೋಟೊ ತೆಗೆಸಿಕೊಂಡು ಬಸ್ಸಿನ ನೆರಳಿಗೆ ಹೋದರು. ಸೋವಿಯತ್ ನೆರವಿನಿಂದ 1960ರಲ್ಲಿ ಶುರುವಾಗಿ 1970ರಲ್ಲಿ ಮುಗಿದ ಇದರ ಎತ್ತರ 111 ಮೀಟರ್, ಉದ್ದ 3.8 ಕಿ.ಮೀ. ಹಿಂದಿನ ಜಲಾಶಯ ಸುಡಾನಿನೊಳಕ್ಕೂ ಚಾಚಿ ಸುಮಾರು 500 ಕಿ.ಮೀ. ಉದ್ದವಿದೆ. ನಮ್ಮ ಭದ್ರೆಯ ಸಾಮರ್ಥ್ಯ 71.5 ಟಿಎಂಸಿ; ಇದು ಭರ್ತಿಯಾದರೆ ಅದರ ಸುಮಾರು 80 ಪಟ್ಟು!

ನನ್ನಾಕೆ ಕಟ್ಟೆಗೆ ಕೈಯೂರಿ ನೀರನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, “ಏನ್ರೀ, ಇಷ್ಟು ನೀರೈತಲ್ಲ, ಕೊನೀ ಹೊಲದೋರಿಗೆ ಬರತೈತಾ ಕೇಳ್ರಿ” ಎಂದಳು.

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಸ್ಥಳೀಯ ಗೈಡ್ ನಕ್ಕುಬಿಟ್ಟ. ಇಷ್ಟು ವರ್ಷಗಳಲ್ಲಿ ಪ್ರವಾಸಿಗರು ಯಾರೂ ಅದನ್ನು ಕೇಳಿರಲಿಲ್ಲವಂತೆ. “ಮೇಡಂ, ನಾಲೆಯ ತುದಿಯವರ ಗೋಳು ಎಲ್ಲ ಕಡೆಯೂ ಒಂದೇ” ಎಂದ. ಮುಖಜ ಭೂಮಿಯ ಕಡೆಯ ರೈತರು ಬಸಿಗಾಲುವೆಯ ನೀರನ್ನೇ ಮತ್ತೆ ಗದ್ದೆಗೆ ಹಾಯಿಸುತ್ತಾರೆ. ಭತ್ತ ಎಷ್ಟು ನಾಟಿ ಮಾಡಬಹುದೆಂದು ಸರ್ಕಾರವೇ ಗೊತ್ತುಮಾಡುತ್ತದೆ, ಮೀರಿದರೆ ದಂಡ. ಮೊದಲೆಲ್ಲ ಪ್ರವಾಹದ ಜೊತೆ ಬಂದು ಹೊಲ ಸೇರುತ್ತಿದ್ದ ಗೋಡುಮಣ್ಣು ಅಣೆಕಟ್ಟಿನ ಹಿಂದೆಯೇ ಉಳಿಯುತ್ತದೆ. ಆ ಜಾಗಕ್ಕೆ ಗೊಬ್ಬರದ ಚೀಲ ಬಂದಿದೆ. ಬಸಿಯದ ಕಡೆ ನೆಲ ಚೌಳಾಗಿದೆ. ಆದರೆ ಇದೇ ಅಣೆಕಟ್ಟು 1980ರ ದಶಕದ ಬರದಲ್ಲಿ ಈಜಿಪ್ಟನ್ನು ಉಳಿಸಿತು ಎಂಬುದೂ ನಿಜ.

1959ರ ಒಪ್ಪಂದದ ಪ್ರಕಾರ ಈಜಿಪ್ಟಿನ ಪಾಲು ವರ್ಷಕ್ಕೆ 55.5 ಶತಕೋಟಿ ಘನ ಮೀಟರ್. ಆ ಒಪ್ಪಂದದಲ್ಲಿ ಇಥಿಯೋಪಿಯ ಇರಲಿಲ್ಲ. ಅದು ನೀಲಿ ನೈಲಿಗೆ ಕಟ್ಟಿದ ದೊಡ್ಡ ಅಣೆಕಟ್ಟು 2025ರಲ್ಲಿ ಉದ್ಘಾಟನೆಯಾಯಿತು. ಕಾವೇರಿಯ ಜಗಳ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ನಸುಕಿನಲ್ಲೇ ಮರುಭೂಮಿಯ ರಸ್ತೆಯಲ್ಲಿ ಸುಮಾರು 280 ಕಿ.ಮೀ. ಸಾಗಿ ಅಬು ಸಿಂಬೆಲ್ ಮುಟ್ಟಿದೆವು. ಬಂಡೆಯಲ್ಲಿ ಕೊರೆದ ಎರಡನೇ ರಾಮ್ಸೆಸ್‌ನ ನಾಲ್ಕು ಮೂರ್ತಿಗಳು ತಲಾ 20 ಮೀಟರ್ ಎತ್ತರ. ನೀರಿನಲ್ಲಿ ಮುಳುಗಲಿದ್ದ ಈ ಗುಡಿಗಳನ್ನು ಯುನೆಸ್ಕೊ ನೇತೃತ್ವದಲ್ಲಿ 1964ರಿಂದ 1968ರವರೆಗೆ ತುಂಡುತುಂಡಾಗಿ ಕೊಯ್ದು, 65 ಮೀಟರ್ ಮೇಲಕ್ಕೆ ತಂದು ಜೋಡಿಸಿದರು. ಜೋಡಿಸಿದ ಗೆರೆ ಹುಡುಕಿದರೂ ಸಿಗುವುದು ಕಷ್ಟ.

ಗೈಡ್ ನ್ಯೂಬಿಯದವನು. ಅವನ ಅಜ್ಜನ ಊರು ಅದೇ ನೀರಿನಡಿ ಇದೆ. ಈಜಿಪ್ಟಿನ ಸುಮಾರು 50 ಸಾವಿರ ನ್ಯೂಬಿಯನ್ನರನ್ನು 1963–64ರಲ್ಲಿ ಕೋಮ್ ಓಂಬೊ ಕಡೆಗೆ ಸಾಗಿಸಿದರು. “ಗುಡಿಯನ್ನು ದೇವರ ಸಮೇತ ಮೇಲೆತ್ತಿದರು, ಊರನ್ನು ಎತ್ತಲು ಆಗಲಿಲ್ಲ” ಎಂದು ಅವನು ಹೇಳುವಾಗ ನಮಗೆ ಶರಾವತಿಯ ಮುಳುಗಡೆ ಜನ ನೆನಪಾದರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ 1964ರಲ್ಲೇ.

ಮೊಳದ ಲೆಕ್ಕ

ಅಸ್ವಾನಿನಿಂದ ಲಕ್ಸರಿಗೆ ಹಡಗಿನ ಪಯಣ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ನಕಾಶೆಯಲ್ಲಿ ಕೆಳಗಿರುವುದೇ ‘ಮೇಲಿನ ಈಜಿಪ್ಟ್’. ಕೋಮ್ ಓಂಬೊ ದೇವಾಲಯದ ಅಂಗಳದಲ್ಲಿ ಮೆಟ್ಟಿಲಿರುವ ಬಾವಿಯೊಂದನ್ನು ತೋರಿಸಿದರು. ಅದು ನೈಲೋಮೀಟರ್, ನದಿಯ ಮಟ್ಟ ಅಳೆಯುವ ಬಾವಿ. ಪ್ರವಾಹದ ನೀರು 12 ಮೊಳವಷ್ಟೇ ಏರಿದರೆ ಹಸಿವು, 16 ಏರಿದರೆ ಸುಭಿಕ್ಷ ಎಂಬ ಲೆಕ್ಕವನ್ನು ರೋಮಿನ ಪ್ಲಿನಿ ಕೊಟ್ಟಿದ್ದಾನೆ. ಆ ವರ್ಷದ ಕಂದಾಯವೂ ಆ ಮಟ್ಟದ ಮೇಲೆಯೇ ನಿಗದಿಯಾಗುತ್ತಿತ್ತು.

“ಇವರೂ ನಮ್ಮಂಗ ಮಟ್ಟ ನೋಡ್ಕಂತ ಕೂತೋರೇ ಬಿಡ್ರಿ” ಎಂದು ನನ್ನಾಕೆ ನಕ್ಕಳು. ಲಕ್ಸರಿನಲ್ಲಿ ಗೈಡ್ ತೆರೆದು ತೋರಿಸಿದ ಪುಸ್ತಕದಲ್ಲಿ ಮೂರು ಸಾವಿರ ವರ್ಷ ಹಿಂದಿನ ಗೋರಿಚಿತ್ರವೊಂದಿತ್ತು. ಒಬ್ಬ ತೋಟಕ್ಕೆ ನೀರೆತ್ತುತ್ತಿದ್ದಾನೆ. ಅವನ ಕೈಯಲ್ಲಿದ್ದದ್ದು ಸಾಕ್ಷಾತ್ ನಮ್ಮ ಏತ!

ಕೊನೆಯ ಎರಡು ದಿನ ಬೋಳುಗುಡ್ಡಗಳನ್ನು ದಾಟಿ ಕೆಂಪು ಸಮುದ್ರದ ಹುರ್ಘಡಾದಲ್ಲಿ ಕಳೆದೆವು. ಗಾಜಿನ ತಳದ ದೋಣಿಯಲ್ಲಿ ಹವಳದ ಬಂಡೆ, ಬಣ್ಣದ ಮೀನು ಕಂಡೆವು. ಚೆನ್ನಾಗಿತ್ತು. ಆದರೆ ಮನಸ್ಸು ನದಿಯ ಬಳಿಯೇ ಉಳಿದಿತ್ತು.

ಮಕ್ಕಳೊಡನೆ ಇಂಥ ಪ್ರವಾಸ ಹೋಗುವ ತಂದೆತಾಯಂದಿರಿಗೆ ಒಂದು ಮಾತು. ಹೊರಡುವ ಮುಂಚೆ ಮಕ್ಕಳನ್ನು ಭೂಪಟದ ಮುಂದೆ ಕೂರಿಸಿ, ನಮ್ಮೂರಿನ ಬದುಕಿಗೆ ಸಂಬಂಧಪಟ್ಟ ಒಂದು ಪ್ರಶ್ನೆಯನ್ನು ಬರೆದುಕೊಳ್ಳಲು ಹೇಳಿ. ಗೈಡ್ ತನ್ನ ಪಾಠವನ್ನು ಒಪ್ಪಿಸಿಯೇ ಒಪ್ಪಿಸುತ್ತಾನೆ. ಆ ಪಾಠದಾಚೆಗೆ ಅವನ ಬಾಯಿ ಬಿಡಿಸುವುದು ನಮ್ಮ ಪ್ರಶ್ನೆ.

ಊರಿಗೆ ಬಂದ ವಾರದಲ್ಲಿ ಬೇಸಿಗೆ ನಾಟಿಯ ಮಾತು ಬಂತು. “ಎರಡೂ ಎಕರೆ ಭತ್ತ ಬ್ಯಾಡ್ರಿ. ಒಂದೆಕರೆ ಮೆಕ್ಕೆಜೋಳ ಹಾಕಿ ನೋಡೋಣ” ಎಂದಳು ನನ್ನಾಕೆ. ನೆರೆಹೊಲದವರು ನಕ್ಕರು. ಈಜಿಪ್ಟಿಗೆ ಹೋಗಿ ಕಲಿತು ಬಂದದ್ದು ಇದೇನಾ ಎಂದರು. ಹೌದು, ಇದೇ ಎಂದೆ.