ನಳ್ಳಿ ನೀರು: ಮೆದುವಾದರೆ ಸಾಕೇ?

ಮಂಗಳೂರಿನ ನಳ್ಳಿಗಳಿಗೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ನೇತ್ರಾವತಿಯ ನೀರು ಬರುತ್ತದೆ. ಸಾಬೂನಿಗೆ ನೊರೆ ಬಾರದಿದ್ದರೆ, ಪಾತ್ರೆಯಲ್ಲಿ ಬಿಳಿ ಪದರ ಕಟ್ಟಿದರೆ ನಾವು ನೀರು ಗಡಸು ಎನ್ನುತ್ತೇವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಇದಕ್ಕೆ ಕಾರಣ. ಭಾರತೀಯ ಮಾನಕದಂತೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಅವಕಾಶವಿದೆ.

ನಮ್ಮ ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಮೆದು. ಆದರೆ ಮೆದು ನೀರೆಲ್ಲ ಶುದ್ಧವಲ್ಲ. ಮುರಕಲ್ಲಿನ ತೂತುಗಳ ಮೂಲಕ ಶೌಚಗುಂಡಿಯ ಕೊಳೆ ಬಾವಿಗೆ ಸೇರಬಹುದು. ನೊರೆಯಿಂದಾಗಲಿ ರುಚಿಯಿಂದಾಗಲಿ ಅದು ತಿಳಿಯದು. ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ, ಬೇಸಿಗೆಯಲ್ಲಿ ಕಡಲ ಬದಿಯ ಬಾವಿಗೆ ಸೇರುವ ಉಪ್ಪು ಹೋಗದು.

ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ಪರಿಪತ್ರದಲ್ಲಿ ಸಾರಿದರು. ಚರ್ಚಿನ ಬಾವಿ, ಶಾಲೆಯ ಟಾಂಕಿಯ ನೀರನ್ನು ಮಳೆಗಾಲದಲ್ಲಿ ತಪ್ಪದೆ ಪರೀಕ್ಷೆ ಮಾಡಿಸೋಣ. ಅದನ್ನು ಕುಡಿಯುವವರು ನಮ್ಮ ಮಕ್ಕಳೇ.