ದಿನಕ್ಕೆ ಮೂರು ಅಧ್ಯಾಯ

ಬಸವಕಲ್ಯಾಣ, ಹುಮನಾಬಾದುಗಳ ಸೀಮೆಯಲ್ಲಿ ‘ವಚನ’ವೆಂದೊಡನೆ ಕೇಳಿದವರ ಚಿತ್ತವು ಅನುಭವಮಂಟಪದತ್ತ ಹೊರಳುವುದು ಸಹಜವಷ್ಟೆ, ಆದರೆ ಅದೇ ಶಬ್ದವನ್ನು ಇಲ್ಲಿಯ ಮೆಥೊಡಿಸ್ಟ್ ಸಭೆಯವರ ಮನೆಯಲ್ಲಿ ಉಚ್ಚರಿಸಿದರೆ, ಸತ್ಯವೇದದ ಅಧ್ಯಾಯದೊಳಗೆ ಅಂಕೆ ಹೊತ್ತು ನಿಂತಿರುವ ಒಂದೊಂದು ವಾಕ್ಯವೆಂದು ಅವರು ಗ್ರಹಿಸುವರು. ರಾಷ್ಟ್ರಕೂಟರ ಮಯೂರಖಂಡಿಯೇ ಇದೆಂದು ಕೆಲವು ವಿದ್ವಾಂಸರು ಗುರುತಿಸುವ ಮೋರಖಂಡಿಯಂತಹ ಪ್ರಾಚೀನ ಗ್ರಾಮಗಳುಳ್ಳ ಈ ನೆಲದಲ್ಲಿ, ಪುರಾಣವನ್ನೂ ಪಾರಾಯಣವನ್ನೂ ಕೇಳುತ್ತ ಬೆಳೆದ ಕಿವಿಗೆ, ದಿನವೂ ಗ್ರಂಥವೊಂದರ ನಿಯತ ಭಾಗವನ್ನು ಓದುವ ವ್ರತವು ಪರಕೀಯವೆಂದು ತೋರಲಾರದು.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಆತನ ಸಹಾಯಕರ ದೀರ್ಘ ಪರಿಶ್ರಮದಿಂದ ಸಮಗ್ರ ಬೈಬಲು 1831ರ ವೇಳೆಗೆ ಕನ್ನಡದಲ್ಲಿ ಅಚ್ಚಾಯಿತು. ಇಂದಿನ ಕನ್ನಡ ಸತ್ಯವೇದದ ಮೊದಲ ಐದು ಪುಸ್ತಕಗಳಿಗೆ ‘ಕಾಂಡ’ವೆಂಬ ಹೆಸರುಂಟು, ಅವುಗಳಲ್ಲೊಂದಾದ ಅರಣ್ಯಕಾಂಡವು ರಾಮಾಯಣವನ್ನು ಬಲ್ಲವನನ್ನು ಕ್ಷಣಕಾಲ ಭ್ರಮೆಗೊಳಿಸಿದರೂ ಆಶ್ಚರ್ಯವಿಲ್ಲ.

ಪ್ರಾಟೆಸ್ಟಂಟರು ಓದುವ ಸತ್ಯವೇದದಲ್ಲಿ 66 ಪುಸ್ತಕಗಳೂ 1189 ಅಧ್ಯಾಯಗಳೂ ಇವೆ. ವಾರದ ದಿನಗಳಲ್ಲಿ ಮೂರು ಮೂರು, ಭಾನುವಾರ ಐದು ಅಧ್ಯಾಯಗಳಂತೆ ಓದಿದರೆ ವಾರಕ್ಕೆ 23 ಆಗಿ, 52 ವಾರಗಳಲ್ಲಿ ಗ್ರಂಥವು ಮುಗಿದು ಕೆಲವು ದಿನಗಳು ಉಳಿಯುವುವು. ಲೆಕ್ಕವು ಇಷ್ಟು ಸುಲಭ. ಕಷ್ಟವಿರುವುದು ಜನವರಿಯ ಕೊನೆಯಲ್ಲಿ. ಸೃಷ್ಟಿಯ ಕಥೆ, ಅಣ್ಣಂದಿರಿಂದ ಮಾರಲ್ಪಟ್ಟ ಯೋಸೇಫನ ಕಥೆ, ಸಮುದ್ರವು ಇಬ್ಭಾಗವಾದ ಕಥೆ ಇವುಗಳ ಸೆಳೆತದಲ್ಲಿ ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳನ್ನು ಉತ್ಸಾಹದಿಂದ ದಾಟಿಬಂದವನು, ಹೋಮ, ಬಲಿ, ಚರ್ಮರೋಗ, ಮಡಿಮೈಲಿಗೆಗಳ ವಿಧಿಗಳಿಂದ ತುಂಬಿದ ಯಾಜಕಕಾಂಡದ ಹೊಸ್ತಿಲಲ್ಲಿ ಎಡವುವನು. ಒಂದು ದಿನ ತಪ್ಪಿದರೆ ಮರುದಿನಕ್ಕೆ ಆರು ಅಧ್ಯಾಯಗಳು, ಎರಡು ದಿನ ತಪ್ಪಿದರೆ ಒಂಬತ್ತು. ಬಾಕಿಯು ಸಾಲದ ಬಡ್ಡಿಯಂತೆ ಬೆಳೆದು, ಪುಸ್ತಕವು ಮತ್ತೆ ಗೂಡು ಸೇರುವುದು.

ಸ್ಕಾಟ್ಲೆಂಡಿನ ಡಂಡೀ ನಗರದ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಶೇನ್ 1842ರಲ್ಲಿ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳ ಪಂಚಾಂಗವೊಂದನ್ನು ರಚಿಸಿ, ಅವುಗಳಲ್ಲಿ ಎರಡನ್ನು ಕುಟುಂಬದೊಡನೆಯೂ ಎರಡನ್ನು ಏಕಾಂತದಲ್ಲಿಯೂ ಓದಬೇಕೆಂದು ವಿಧಿಸಿದನು. ಇಂಥ ನಿಯಮವು ಬರಿಯ ಯಾಂತ್ರಿಕಾಚಾರವಾಗಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು ಎಂದು ಎಚ್ಚರಿಸಿದವನೂ ಅವನೇ. ಆ ಎಚ್ಚರಿಕೆಯು ಪಂಚಾಂಗಕ್ಕಿಂತಲೂ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಬಾಕಿಯ ಭಯವಿಲ್ಲದ ಕ್ರಮಗಳೂ ಉಂಟು. ಜ್ಞಾನೋಕ್ತಿಗಳ ಅಧ್ಯಾಯಗಳು 31. ಇಂದು ಯಾವ ತಾರೀಖೋ ಅದೇ ಅಧ್ಯಾಯ. ನಿನ್ನೆಯದು ತಪ್ಪಿದ್ದರೆ ಮುಂದಿನ ತಿಂಗಳು ಅದು ತಾನಾಗಿಯೇ ಮರಳಿ ಬರುವುದು. ಕೀರ್ತನೆಗಳು 150, ದಿನಕ್ಕೆ ಐದರಂತೆ ಒಂದು ತಿಂಗಳು. ಸಂಜೆಯ ಕುಟುಂಬಪ್ರಾರ್ಥನೆಯಲ್ಲಿ ಒಬ್ಬೊಬ್ಬರು ಒಂದೊಂದು ವಚನವನ್ನು ಗಟ್ಟಿಯಾಗಿ ಓದುತ್ತ ಹೋದರಂತೂ, ಅಕ್ಷರವನ್ನು ಇದೀಗ ಕೂಡಿಸಿ ಓದುವ ಮಗುವಿಗೂ ಅಕ್ಷರವನ್ನೇ ಅರಿಯದ ಅಜ್ಜಿಗೂ ಅದರಲ್ಲಿ ಪಾಲು ದೊರೆಯುವುದು.

ಹೊಸದಾಗಿ ತೊಡಗುವವರು ಆದಿಕಾಂಡವನ್ನು ಸದ್ಯಕ್ಕೆ ಬಿಟ್ಟು ಮಾರ್ಕನ ಸುವಾರ್ತೆಯನ್ನು ತೆರೆಯಲಿ. ಅದರಲ್ಲಿರುವುವು 16 ಅಧ್ಯಾಯಗಳು ಮಾತ್ರ.